ನಾಲ್ಕು ಶೆಲ್ಲು, ಎರಡು ಈರುಳ್ಳಿ

ಹೊರಡುವ ಹೊತ್ತಿಗೆ ಅಂಗಡಿಯ ಅನಸ್ತಾಸಿಯೊ
ನನ್ನ ಸೈಕಲ್ಲನ್ನು ಒಮ್ಮೆ ಎತ್ತಿ ಇಳಿಸಿ
"ಇಷ್ಟು ಹೊರುವವಳಿಗೆ ಇದೇನು ಭಾರ" ಎಂದು
ಕಾಗದದ ಪೊಟ್ಟಣವೊಂದನ್ನು ಹಗ್ಗಕ್ಕೆ ಸಿಕ್ಕಿಸಿದ.
ರೇಡಿಯೋದ ನಾಲ್ಕು ಶೆಲ್ಲು, ಎರಡು ಈರುಳ್ಳಿ.
ಉಪ್ಪಿನ ಬಯಲು ದಾಟಿ, ಕಣಿವೆ ಹತ್ತಿಳಿದು,
ಮೂರನೆಯ ಸಂಜೆ ಎಡಕ್ಕೊಂದು ಕಲ್ಲಿನ ಮನೆ:
ಹಸಿಂತಾ ಗ್ವಾಂತಾಯ್.
ಲಾರಿ ಬರುವುದು ತಿಂಗಳ ಕೊನೆಗಂತೆ.

ಹೆಸರೇನೆಂದು ಅವನು ಕೇಳಲಿಲ್ಲ.
ಹೇಳುವ ಮನಸ್ಸು ನನಗೂ ಇರಲಿಲ್ಲ.
ಹೆಸರು ಹಿಡಿದು ಕೂಗುವವರಿಲ್ಲದ ಕಡೆಗೆಂದೇ
ಹೊಳೆದಂಡೆಯ ರೊಸಾರಿಯೊ ಬಿಟ್ಟು
ಆಂಡೀಸಿನ ಈ ಮೇಲುನೆಲಕ್ಕೆ ಬಂದವಳು ನಾನು.

ಮೊದಲ ದಿನ ಬರೀ ಉಪ್ಪು.
ಚಕ್ರದಡಿ ಹಪ್ಪಳ ಮುರಿಯುವ ಸದ್ದು.
ಬೆಳಿಗ್ಗೆ ಎಷ್ಟು ದೂರವಿತ್ತೋ ಬೆಟ್ಟ
ಸಂಜೆಗೂ ಅಷ್ಟೇ ದೂರ.
ನೆರಳು ಮಾತ್ರ ಬಲದಿಂದ ಎಡಕ್ಕೆ ಬಂದಿತ್ತು.
ರಾತ್ರಿ ಬಾಟಲಿಯ ನೀರು ಕಲ್ಲಾಯಿತು,
ಮಗುವಿನ ಹಾಗೆ ಅವುಚಿಕೊಂಡು ಮಲಗಿದೆ.
ಬೆಳಗಾಗುವಾಗ ಎರಡು ಗುಟುಕು ಕರಗಿತ್ತು.

ಇಲ್ಲಿಯ ಗಾಳಿ ಕಚೇರಿಯ ಗುಮಾಸ್ತನಂತೆ
ಸರಿಯಾಗಿ ಹನ್ನೊಂದಕ್ಕೆ ಬರುತ್ತದೆ,
ಹೋಗುವಾಗ ಮಾತ್ರ ಗಡಿಯಾರ ನೋಡುವುದಿಲ್ಲ.
ರಸ್ತೆಯೋ, ರಾಗಿ ಹರವಿ ಬೆರಳಲ್ಲಿ ಗೀರಿದಂತೆ.
ಗೀರು, ಗೀರು, ಮತ್ತೊಂದು ಗೀರು.
ಹಲ್ಲಿಗೆ ಹಲ್ಲು ತಾಗಿ
ಯಾರಿಗೋ ಆಡದೆ ಉಳಿಸಿಕೊಂಡ ಮಾತು
ಬಾಯೊಳಗೇ ಕುಲುಕಿ ಪುಡಿಯಾಯಿತು.
ಹಿಂದಿನ ಚಕ್ರದ ಕಡ್ಡಿಯೊಂದು ಟಿಣ್ ಎಂದು ಮುರಿಯಿತು.
ಆ ದಿನದ ಸಂಗೀತ ಅದೊಂದೇ.

ಭಾರ ಇಳಿಸಲೇಬೇಕಾಯಿತು.
ಓದದ ಪುಸ್ತಕ, ಇನ್ನೊಂದು ಜೊತೆ ಬೂಟು,
ಗಾಜಿನ ಸೀಸೆಯಲ್ಲಿದ್ದ ಜ್ಯಾಮು:
ಎಲ್ಲ ಬಂಡೆಯ ಮಗ್ಗುಲಿಗೆ.
ಆಮೇಲೆ ಈರುಳ್ಳಿ ಕೈಗೆ ಬಂತು.
ತೂಗಿ ನೋಡಿದೆ.
ನನ್ನದಾಗಿದ್ದರೆ ಎಸೆಯುತ್ತಿದ್ದೆ.

ಕಣಿವೆಯ ನೆತ್ತಿಯಲ್ಲಿ, ಹಾದುಹೋದವರು
ಒಬ್ಬೊಬ್ಬರು ಒಂದೊಂದಿಟ್ಟು ಆಳೆತ್ತರವಾದ ಕಲ್ರಾಶಿ.
ಕೋಕಾ ಎಲೆ, ಸಿಗರೇಟು, ಬಣ್ಣದ ಉಣ್ಣೆಯೆಳೆ,
ನಡುವೆ ಒಂದು ಬಾಟಲಿ ತುಂಬ ನೀರು.
ಭೂತಾಯಿಗೆ ಇಟ್ಟದ್ದು. ಮುಟ್ಟಬಾರದು.
ನನ್ನ ನೀರು ಮುಗಿದು ಎರಡು ಗಂಟೆಯಾಗಿತ್ತು.

ಅರ್ಧ ಕುಡಿದೆ. ಕಳ್ಳಿಯಂತೆ ಆಚೀಚೆ ನೋಡಿದೆ.
ಕಣ್ಣು ಹರಿಯುವಷ್ಟು ದೂರ ನರಪಿಳ್ಳೆಯಿಲ್ಲ;
ಏಳೆಂಟು ವಿಕೂನ್ಯಾ ಕತ್ತೆತ್ತಿ ನೋಡಿ, ಮತ್ತೆ ಮೇಯತೊಡಗಿದವು.
ಉಳಿದರ್ಧವನ್ನು ಇದ್ದಲ್ಲೇ ಇಟ್ಟು
ತಪ್ಪುಕಾಣಿಕೆಗೆ ಒಂದು ಒಳ್ಳೆಯ ಕಲ್ಲು ಹುಡುಕಿದೆ.
ಅಲ್ಲಿ ಎಲ್ಲವೂ ಒಳ್ಳೆಯ ಕಲ್ಲುಗಳೇ.

ಹಸಿಂತಾ ನನ್ನನ್ನು ನೋಡಲಿಲ್ಲ ಮೊದಲು,
ಈರುಳ್ಳಿ ಮೂಸಿದಳು, ಕಣ್ಣು ಮುಚ್ಚಿ.
ಆಮೇಲೆ ಶೆಲ್ಲು ಹಾಕಿ, ರಬ್ಬರು ಬಿಗಿದು,
ರೇಡಿಯೋದ ತಲೆಗೊಂದು ತಟ್ಟಿದಳು.
ಏಳು ಗಂಟೆಗೆ ಊರೂರಿನ ಸಂದೇಶ ಓದುತ್ತಾರೆ:
ಯಾರದೋ ಕತ್ತೆ ತಪ್ಪಿಸಿಕೊಂಡಿದೆ, ಎಡಗಿವಿ ಸೀಳು.
ಹಲ್ಲಿನ ಡಾಕ್ಟರು ಗುರುವಾರ ಬರುತ್ತಾರೆ.
ಯಾರಿಗೋ ಹೆರಿಗೆಯಾಯಿತು, ಹೆಣ್ಣು, ಇಬ್ಬರೂ ಕ್ಷೇಮ.

"ಮೂರನೆಯ ಸಲ ಓದುತ್ತಿದ್ದೇವೆ.
ಹಸಿಂತಾ ಗ್ವಾಂತಾಯ್ ಅವರಿಗೆ ಅನಸ್ತಾಸಿಯೊನಿಂದ:
ಶೆಲ್ಲು ಕಳಿಸಿದ್ದೇನೆ. ಕೆಂಪು ಟೋಪಿ, ಸೈಕಲ್ಲು,
ಹೆಂಗಸು. ಹೆಸರು ಕೇಳಲು ಮರೆತೆ.
ದಾರಿಯವರೆಲ್ಲ ಒಂದು ಕಣ್ಣಿಟ್ಟಿರಿ.
ಫೌಸ್ತಿನೊ, ಕಲ್ರಾಶಿಯ ಬಳಿ ನೀರಿಡುವುದು ಮರೆಯಬೇಡ."

ಶೆಲ್ಲು ಬರುತ್ತಿದೆಯೆಂದು ಕೇಳಲು
ಶೆಲ್ಲು ಬರಬೇಕಾಯಿತಲ್ಲ ಎಂದು
ಹಸಿಂತಾ ಸೆರಗಿಲ್ಲದ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.
ನಾನು ಬಾಗಿಲಾಚೆಯ ಕತ್ತಲನ್ನು ನೋಡಿದೆ:
ಮೂರು ದಿನ ಯಾರೂ ಇಲ್ಲವೆಂದುಕೊಂಡ ಬಯಲು,
ಗುಡ್ಡದ ಹಿಂದೊಂದು ಹೊಗೆ, ಇನ್ನೊಂದು ಹೊಗೆ,
ಟೋಪಿಯ ಬಣ್ಣ ಗೊತ್ತಿದ್ದವರು.

"ಇಟ್ಟಿದ್ದನೆ ನೀರು?"
ಇಟ್ಟಿದ್ದ. ಅರ್ಧ ಬಿಟ್ಟುಬಂದೆ.
"ಯಾರಿಗೆ?"

ಉತ್ತರಕ್ಕೆ ಅವಳು ಕಾಯಲಿಲ್ಲ.
ಒಂದು ಈರುಳ್ಳಿ ಹೆಚ್ಚಿ ಸಾರಿಗೆ ಹಾಕಿದಳು,
ಇನ್ನೊಂದನ್ನು ನನ್ನ ಹಗ್ಗಕ್ಕೇ ಮರಳಿ ಸಿಕ್ಕಿಸಿದಳು.
ಮುಂದಿನ ಮನೆ ರೆಮಿಹಿಯೊನದಂತೆ, ಎರಡು ದಿನದ ದಾರಿ,
ಅವನಲ್ಲೂ ಮುಗಿದಿರುತ್ತದೆ.